ವೇಣುಗೋಪಾಲನ ಸಂಜೆ ಪಾಳಿ

ಬಸವೇಶ್ವರನಗರದಿಂದ ಕುರುಬರಹಳ್ಳಿಗೆ ಇಳಿಯುವ ರಸ್ತೆಯ ತಿರುವಿನಲ್ಲಿ, ಔಷಧಿ ಅಂಗಡಿಗೂ ಕಾರಿನ ಸೀಟು ಹೊಲಿಯುವ ಅಂಗಡಿಗೂ ನಡುವೆ, ಒಬ್ಬ ವೇಣುಗೋಪಾಲಸ್ವಾಮಿ ನಿಂತಿದ್ದಾನೆ. ಬಡಾವಣೆ ಆದಾಗಿನಿಂದ ನಿಂತಿದ್ದಾನೆ. ಬೆಳಿಗ್ಗೆ ಅವನ ಬಾಗಿಲು ತೆರೆಯುತ್ತದೆ, ಮಧ್ಯಾಹ್ನ ಮುಚ್ಚುತ್ತದೆ, ಸಂಜೆ ಐದಕ್ಕೆ ಮತ್ತೆ ತೆರೆಯುತ್ತದೆ. ನೀರು ಬಾರದ ದಿನ, ಕರೆಂಟು ಹೋದ ದಿನ, ಬಂದ್ ಇದ್ದ ದಿನ, ಯಾವತ್ತೂ ಐದರ ಬಾಗಿಲು ತಪ್ಪಿಲ್ಲ. ಹಿರಿಯ ಅರ್ಚಕರಾದ ವೆಂಕಟಗಿರಿ ಭಟ್ಟರು ಇದನ್ನು ಹೆಮ್ಮೆಯಿಂದ ಹೇಳುವುದಿಲ್ಲ. ತಮಗೆ ಎರಡು ಕೈಗಳಿವೆ ಎಂದು ಹೇಳುವ ಹಾಗೆ ಹೇಳುತ್ತಾರೆ.

ಆ ಗುರುವಾರ, ಐದರ ಬಾಗಿಲನ್ನು ಯಾರು ತೆಗೆಯಬೇಕು ಎನ್ನುವುದು ಯಾರಿಗೂ ತಿಳಿಯದೆ ಹೋಯಿತು.

ತಿಳಿಸಬೇಕಾಗಿದ್ದದ್ದು ಒಂದು ಪ್ರೋಗ್ರಾಮ್. ದೇವಸ್ಥಾನಕ್ಕೆ ಮೂವರು ಅರ್ಚಕರು: ವೆಂಕಟಗಿರಿ ಭಟ್ಟರು, ಮಗ ಅಭಿನವ್, ಮತ್ತು ಭಟ್ಟರನ್ನು ಅಪ್ಪ ಎಂದೇ ಕರೆಯುವ ಶ್ಯಾಮಸುಂದರ. ಹಿಂದೆ ಮೂವರೂ ಬಾಯಿಮಾತಿನಲ್ಲೇ ಪಾಳಿ ಹಂಚಿಕೊಳ್ಳುತ್ತಿದ್ದರು. ಒಂದು ವರ್ಷ ವೈಕುಂಠ ಏಕಾದಶಿಯ ಪಾಳಿ ಯಾರದು ಎಂದು ಅಭಿನವನಿಗೂ ಶ್ಯಾಮಸುಂದರನಿಗೂ ಮಾತು ಬೆಳೆದು, ಭಕ್ತರ ಎದುರಿಗೇ ಇಬ್ಬರೂ ಒಂದೇ ಆರತಿ ತಟ್ಟೆಯನ್ನು ಹಿಡಿದು ನಿಂತರು. ಬಿಡಿಸಿದ್ದು ಟ್ರಸ್ಟಿನ ಕಾರ್ಯದರ್ಶಿ ನೀಲಾಂಬಿಕಾ ಮೇಡಂ. ಅವರು ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿ ನಿವೃತ್ತರಾದವರು. ಅಂದಿನಿಂದ ದೇವಸ್ಥಾನದಲ್ಲಿ ಯಾರೂ ಪಾಳಿಯನ್ನು ಬಾಯಲ್ಲಿ ಹೇಳಬಾರದು ಎಂದು ನಿಯಮ ಮಾಡಿದರು. ಹಿಂದಿನ ಬೀದಿಯ ರಾಗಿಣಿ, ಮನೆಯಿಂದಲೇ ಕಂಪನಿ ಕೆಲಸ ಮಾಡುವವಳು, ಪಾಳಿಗೊಂದು ಪ್ರೋಗ್ರಾಮ್ ಬರೆದುಕೊಟ್ಟಳು. ಹಣ ತೆಗೆದುಕೊಳ್ಳಲಿಲ್ಲ. ಹೂವಿನ ಸೇವೆ, ತುಪ್ಪದ ದೀಪದ ಸೇವೆ ಎಂದು ಬರೆದಿರುವ ಗೋಡೆಯ ಹಲಗೆಯಲ್ಲಿ ಅವಳ ಹೆಸರಿನ ಮುಂದೆ ‘ಪ್ರೋಗ್ರಾಮ್ ಸೇವೆ’ ಎಂದಿದೆ.

ಪ್ರೋಗ್ರಾಮಿನ ಕೆಲಸ ಸರಳವಾದದ್ದು. ಬಾಗಿಲು ಮುಚ್ಚಿದ ಮೇಲೆ ಮುಂದಿನ ಪಾಳಿ ಯಾರದೆಂದು ನೋಡುತ್ತದೆ. ಅವರಿಗೆ ಸೂತಕವೋ ಪುರುಡೋ, ಯಾವುದಾದರೂ ಮೈಲಿಗೆ ಇದ್ದರೆ ಅವರನ್ನು ಬಿಟ್ಟು ಮುಂದಿನವರ ಹತ್ತಿರ ಹೋಗುತ್ತದೆ. ಅವರಿಗೂ ಇದ್ದರೆ ಅವರ ಮುಂದಿನವರ ಹತ್ತಿರ. ಮೈಲಿಗೆ ಇಲ್ಲದವರು ಸಿಕ್ಕಾಗ ಅವರ ಹೆಸರನ್ನು ಗೋಪುರದ ಕೆಳಗಿನ ಕೆಂಪು ಅಕ್ಷರದ ಹಲಗೆಯಲ್ಲಿ ಹಾಕುತ್ತದೆ. ಅಲ್ಲಿಯವರೆಗೆ ‘ಹುಡುಕಲಾಗುತ್ತಿದೆ’ ಎಂದು ತೋರಿಸುತ್ತದೆ.

ಆ ದಿನ ಮಧ್ಯಾಹ್ನದ ಮಂಗಳಾರತಿ ಮುಗಿದು ಬಾಗಿಲು ಹಾಕುವ ಹೊತ್ತಿಗೆ, ಮಹಾಲಕ್ಷ್ಮಿ ಲೇಔಟಿನ ಒಂದು ನರ್ಸಿಂಗ್ ಹೋಮಿನಲ್ಲಿ ಅಭಿನವನ ಹೆಂಡತಿ ಹೆಣ್ಣು ಮಗು ಹೆತ್ತಳು. ಅಭಿನವ್ ನಿಯಮದ ಮನುಷ್ಯ. ಅತ್ತೆಗೆ ಹೇಳುವ ಮೊದಲು ಫೋನ್ ತೆಗೆದು ‘ಜನನ’ ಎಂದು ಪ್ರೋಗ್ರಾಮಿಗೆ ತಿಳಿಸಿದ. ಮಗು ಹುಟ್ಟಿದರೆ ಆ ಕುಲದವರಿಗೆ ಹತ್ತು ದಿನ ಪುರುಡು. ದೇವರನ್ನು ಮುಟ್ಟುವ ಹಾಗಿಲ್ಲ. ಮೂವರಿಗೂ ಪುರುಡು ಬಂದಿದೆ ಎಂದೇ ಮೂವರೂ ಅಂದುಕೊಂಡಿದ್ದರು. ಆದರೂ ಪ್ರೋಗ್ರಾಮ್ ಇದೆಯಲ್ಲ, ಅದು ಯಾರನ್ನಾದರೂ ಹುಡುಕಿಕೊಳ್ಳುತ್ತದೆ ಎಂದು ಮೂವರೂ ನೆಮ್ಮದಿಯಾಗಿದ್ದರು.

ಊಟದ ಹೊತ್ತು ಕಳೆಯಿತು. ಹಲಗೆ ಹುಡುಕುತ್ತಲೇ ಇತ್ತು. ಎದುರಿನ ಹೊಂಗೆ ಮರದ ಕೆಳಗೆ ಗಾಡಿ ನಿಲ್ಲಿಸಿಕೊಂಡು ಆರ್ಡರಿಗೆ ಕಾಯುತ್ತಿದ್ದ ಡೆಲಿವರಿ ಹುಡುಗ ಯಲ್ಲಪ್ಪ ಅದನ್ನು ಬಹಳ ಹೊತ್ತು ನೋಡಿ ಕೇಳಿದ:

“ಏನ್ ಹುಡುಕಾಕತ್ತಾರ್ರೀ? ದೇವರು ಒಳಗ ಅದಾನಲ್ರೀ?”

“ಇದಾನಪ್ಪ,” ಎಂದರು ನೀಲಾಂಬಿಕಾ ಮೇಡಂ. “ಅವನನ್ನ ಎಬ್ಬಿಸೋರು ಸಿಕ್ತಾ ಇಲ್ಲ.” ಎಂದವರೇ ರಾಗಿಣಿಗೆ ಫೋನ್ ಮಾಡಿದರು.

ರಾಗಿಣಿ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಾಗ ದೇವಸ್ಥಾನದ ಆಫೀಸಿನ ಹೊರಗೆ, ಫುಟ್‌ಪಾತಿನ ಮೇಲೆ, ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ವೆಂಕಟಗಿರಿ ಭಟ್ಟರೂ ಶ್ಯಾಮಸುಂದರನೂ ಕೂತಿದ್ದರು. ಪುರುಡಿನವರು ಒಳಗೆ ಬರುವ ಹಾಗಿರಲಿಲ್ಲ. ಅವರಿಗೂ ಕಾಣಲಿ ಎಂದು ಮೇಡಂ ಮೇಜನ್ನು ಕಿಟಕಿಯ ಪಕ್ಕಕ್ಕೆ ಎಳೆಸಿದ್ದರು.

“ಮಗು ಹೇಗಿದೆಯಂತೆ ಭಟ್ರೇ?” ಎಂದು ರಾಗಿಣಿ ಕೇಳಿದಳು.

“ಚೆನ್ನಾಗಿದೆಯಂತಮ್ಮ. ಈಗಲೇ ಶುರು ಮಾಡ್ತೀಯಾ? ರಾಹುಕಾಲ ಇನ್ನೂ ಇದೆ. ಹೊಸ ಕೆಲಸ ಬೇಡ.”

“ಹೊಸದಲ್ಲ ಭಟ್ರೇ. ಹಳೇ ತಪ್ಪು.”

ಭಟ್ಟರು ಒಂದು ಕ್ಷಣ ಯೋಚಿಸಿ, ಹಳೆಯ ತಪ್ಪಿಗೆ ರಾಹುಕಾಲ ಅಡ್ಡಿಯಿಲ್ಲ ಎಂದು ಒಪ್ಪಿದರು.

ಅವಳು ಒಂದು ಕಪ್ಪು ಪರದೆ ತೆರೆದಳು. ಅದರಲ್ಲಿ ಚಿತ್ರವಿಲ್ಲ, ಒತ್ತಲು ಗುಂಡಿಯಿಲ್ಲ. ಎಡಗಡೆ ಒಂದು ಮಿಣುಕು ಗೆರೆ ಮಾತ್ರ, ಏನು ಹೇಳುತ್ತೀಯೋ ಹೇಳು ಎಂದು ಕಾಯುತ್ತಿತ್ತು.

“ಇದೇನಮ್ಮ, ನಾನು ಬ್ಯಾಂಕಿಗೆ ಸೇರಿದಾಗ ಇದ್ದ ಕಂಪ್ಯೂಟರ್ ಥರ ಇದೆ,” ಎಂದರು ಮೇಡಂ.

“ಡೀಬಗರ್ ಮೇಡಂ. ಪ್ರೋಗ್ರಾಮನ್ನ ಇದರ ಒಳಗೆ ಓಡಿಸಿದ್ರೆ, ಬೇಕಾದಲ್ಲಿ ನಿಲ್ಲಿಸಬಹುದು. ಆಮೇಲೆ ಒಂದೊಂದೇ ಸಾಲು ನಡೆಸಿ, ಎಲ್ಲಿ ಎಡವ್ತಾ ಇದೆ ಅಂತ ನೋಡಬಹುದು.”

ಅವಳು ಆಜ್ಞೆ ಬರೆದು ಎಂಟರ್ ಒತ್ತಿದಳು. ಪ್ರೋಗ್ರಾಮ್ ಓಡಿತು, ಓಡುತ್ತಲೇ ಇತ್ತು. ಕಂಟ್ರೋಲ್ ಸಿ ಒತ್ತಿದಳು. ಓಡುತ್ತಿದ್ದದ್ದು ಓಡುತ್ತಿದ್ದ ಜಾಗದಲ್ಲೇ ನಿಂತಿತು. ಯಾವ ಸಾಲಿನಲ್ಲಿ ನಿಂತಿದ್ದೇನೆ ಎಂದು ತೋರಿಸಿ, ಮುಂದಿನ ಅಪ್ಪಣೆಗೆ ಕಾದಿತು. ರಾಗಿಣಿ ‘ಎನ್’ ಎಂಬ ಒಂದೇ ಅಕ್ಷರ ಬರೆದಳು. ಮುಂದಿನ ಸಾಲು ಎಂದರ್ಥ. ಒಂದು ಸಾಲು ನಡೆದು ಮತ್ತೆ ನಿಂತಿತು.

“ವೆಂಕಟಗಿರಿ. ಮೈಲಿಗೆ ಇದೆಯಾ?” ಎಂದು ಅವಳು ಪರದೆ ನೋಡಿ ಓದಿದಳು.

“ಇದೆ,” ಎಂದರು ಭಟ್ಟರು ಕಿಟಕಿಯಿಂದ.

“ನಿಮ್ಮನ್ನಲ್ಲ ಭಟ್ರೇ, ಪ್ರೋಗ್ರಾಮ್ ತನ್ನನ್ನೇ ಕೇಳ್ಕೊಳ್ತಾ ಇದೆ.”

“ಯಾರು ಕೇಳಿದ್ರೂ ಇದೆ ಕಣಮ್ಮ.”

“ಇದೆ ಅಂತಾನೇ ಬಂತು. ಮುಂದೆ ಹೋಗತ್ತೆ. ಅಭಿನವ್. ಮೈಲಿಗೆ ಇದೆಯಾ? ಇದೆ. ಶ್ಯಾಮಸುಂದರ. ಮೈಲಿಗೆ ಇದೆಯಾ? ಇದೆ. ಮುಂದೆ ಹೋಗತ್ತೆ. ವೆಂಕಟಗಿರಿ.”

“ಇದೆ,” ಎಂದರು ಭಟ್ಟರು.

ಆ ಡೀಬಗರಿನಲ್ಲಿ ಒಂದು ಅನುಕೂಲವುಂಟು. ಬರಿದೇ ಎಂಟರ್ ಒತ್ತಿದರೆ ಹಿಂದೆ ಮಾಡಿದ್ದನ್ನೇ ಇನ್ನೊಮ್ಮೆ ಮಾಡುತ್ತದೆ. ರಾಗಿಣಿ ಎಂಟರ್ ಒತ್ತುತ್ತಾ ಹೋದಳು. ವೆಂಕಟಗಿರಿ, ಅಭಿನವ್, ಶ್ಯಾಮಸುಂದರ. ಮತ್ತೆ ವೆಂಕಟಗಿರಿ, ಅಭಿನವ್, ಶ್ಯಾಮಸುಂದರ. ಹೆಸರುಗಳು ಗರ್ಭಗುಡಿಯ ಸುತ್ತ ಪ್ರದಕ್ಷಿಣೆ ಬರುವವರ ಹಾಗೆ ಬಂದು ಹೋದವು. ಭಟ್ಟರಿಗೆ ಹಾಗೆ ಒಂದೊಂದೇ ಹೆಜ್ಜೆ ನಿಂತು ನಿಂತು ನಡೆಯುವುದು ಹಿತವಾಗಿ ಕಂಡಿತು. ಅವರು ಕಣ್ಣು ಅರೆ ಮುಚ್ಚಿಕೊಂಡರು.

“ಇದು ಯಾವಾಗ ನಿಲ್ಲತ್ತೆ?” ಎಂದು ಮೇಡಂ ಕೇಳಿದರು.

“ಹತ್ತು ದಿನ ಕಳೆದ ಮೇಲೆ ಮೇಡಂ. ಪುಣ್ಯಾಹ ಆದ ತಕ್ಷಣ ನಿಲ್ಲತ್ತೆ.”

“ಅಲ್ಲಿವರೆಗೂ?”

“ಸುತ್ತತ್ತೆ. ಮೈಲಿಗೆ ಇಲ್ಲದವರು ಸಿಗೋವರೆಗೂ ಹುಡುಕು ಅಂತ ಬರೆದಿದ್ದೆ. ಮೂವರಿಗೂ ಒಟ್ಟಿಗೇ ಬಂದ್ರೆ ಏನು ಮಾಡ್ಬೇಕು ಅಂತ ಬರೆದಿಲ್ಲ. ಬರತ್ತೆ ಅಂತ ಅಂದ್ಕೊಂಡೇ ಇರ್ಲಿಲ್ಲ.”

“ಒಂದೇ ಮನೆ ಅಲ್ವೇನಮ್ಮ,” ಎಂದರು ಭಟ್ಟರು ಕಣ್ಣು ತೆರೆಯದೆ. “ಬಂದ್ರೆ ಒಟ್ಟಿಗೇ ಬರೋದು.”

ಮೇಡಂ ಗಡಿಯಾರ ನೋಡಿದರು. “ಭಟ್ರೇ, ಪುರುಡು ನಿಮ್ಮದು, ಬಾಗಿಲು ನಂದು. ಬೇರೆ ದೇವಸ್ಥಾನದಿಂದ ಯಾರನ್ನಾದ್ರೂ ಕರೆಸಿಬಿಡ್ಲಾ?”

“ಕರೆಸಬಹುದು. ಬಂದು ಹೊರಗೆ ನಿಂತ್ಕೋಬೇಕು, ನಮ್ಮ ಥರ. ಈ ಸ್ವಾಮಿ ಮುಂದೆ ದೀಕ್ಷೆ ತಗೊಂಡೋರು ಮಾತ್ರ ಈ ಸ್ವಾಮೀನ ಮುಟ್ಟಬೇಕು. ಮೊದಲಿಂದ ಹಾಗೇ ಇರೋದು. ಅಂಥೋರು ಇರೋದು ಮೂರೇ ಜನ.” ಅವರು ಕಣ್ಣು ತೆರೆದರು. “ಐದಕ್ಕೆ ತೆಗೀದೇ ಇದ್ರೆ ಏನಾಗತ್ತೆ ಅಂತ ನಾನು ಒಂದು ಸಲನೂ ಯೋಚನೆ ಮಾಡಿಲ್ಲ ಮೇಡಂ. ಈಗ ಮಾಡೋಕೆ ನೋಡ್ತಾ ಇದೀನಿ. ಬರ್ತಾ ಇಲ್ಲ.”

ಆ ಹೊತ್ತಿಗೆ ಪಂಕಜಮ್ಮ ಬಂದರು. ಎರಡು ಬೀದಿ ಆಚೆಯವರು, ತೀರಿಕೊಂಡ ಹಳೆಯ ಅರ್ಚಕರ ಹೆಂಡತಿ. ಶ್ಯಾಮಸುಂದರ ಇರುವುದು ಅವರ ಮನೆಯಲ್ಲಿ. ಊಟಕ್ಕೆ ಬರಲಿಲ್ಲವಲ್ಲ ಎಂದು ಡಬ್ಬಿ ಹಿಡಿದುಕೊಂಡು ಬಂದಿದ್ದರು. ಅವನು ಫುಟ್‌ಪಾತಿನಲ್ಲಿ ಕೂತಿರುವುದನ್ನು ನೋಡಿದರು. ಡಬ್ಬಿ ಹಿಡಿದೇ ಕಿಟಕಿಯ ಪಕ್ಕ ನಿಂತರು.

ಒಳಗೆ ರಾಗಿಣಿ ಹೇಳುತ್ತಿದ್ದಳು: “ಸುತ್ತೋದು ಯಾಕೆ ಅಂತ ಗೊತ್ತಾಯ್ತು. ಯಾರ್ಯಾರಿಗೆ ಮೈಲಿಗೆ ಅಂತ ಯಾವ ಲೆಕ್ಕದಲ್ಲಿ ಹೇಳ್ತಾ ಇದೆ ನೋಡಿಬಿಡ್ತೀನಿ. ಮಗು ಗೋತ್ರ, ಅರ್ಚಕರ ಗೋತ್ರ ಎರಡೂ ಒಂದೇ ಆದ್ರೆ ಮೈಲಿಗೆ ಅಂತ ಬರೆದಿದ್ದೆ. ಮೂರು ಜನಕ್ಕೆ ಅಷ್ಟು ಸಾಕಾಗಿತ್ತು.”

ನಿಂತ ಪ್ರೋಗ್ರಾಮಿನ ಹೊಟ್ಟೆಯೊಳಗೆ ಏನಿದೆ ಎಂದು ಅಲ್ಲಿಯೇ ಕೇಳಬಹುದು. ಅದು ಸುಳ್ಳು ಹೇಳುವುದಿಲ್ಲ. ಅವಳು ‘ಪಿ’ ಎಂದು ಬರೆದು ಒಂದೊಂದೇ ಹೆಸರು ಕೇಳಿದಳು. ಬಂದ ಉತ್ತರವನ್ನು ಗಟ್ಟಿಯಾಗಿ ಓದಿದಳು.

“ಅಭಿನವ್, ಕಾಶ್ಯಪ. ವೆಂಕಟಗಿರಿ, ಕಾಶ್ಯಪ. ಶ್ಯಾಮಸುಂದರ, ಕಾಶ್ಯಪ.”

“ಶ್ಯಾಮು ಗೋತ್ರ ಭಾರದ್ವಾಜ,” ಎಂದರು ಪಂಕಜಮ್ಮ.

ರಾಗಿಣಿ ಪರದೆಯಿಂದ ಕಣ್ಣೆತ್ತಿದಳು. ಹೊರಗೆ ಒಂದು ಬಸ್ಸು ಹೋಯಿತು.

ವೆಂಕಟಗಿರಿ ಭಟ್ಟರಿಗೆ ಇಬ್ಬರು ಗಂಡು ಮಕ್ಕಳು. ಹಳೆಯ ಅರ್ಚಕರಿಗೂ ಪಂಕಜಮ್ಮನಿಗೂ ಮಕ್ಕಳಾಗಲಿಲ್ಲ. ಶ್ಯಾಮಸುಂದರ ಇನ್ನೂ ತೊದಲು ಮಾತಾಡುತ್ತಿದ್ದಾಗ ಭಟ್ಟರು ಅವನನ್ನು ಆ ಮನೆಗೆ ದತ್ತು ಕೊಟ್ಟರು. ಅಗ್ನಿಯ ಮುಂದೆ, ಶಾಸ್ತ್ರೋಕ್ತವಾಗಿ, ಕೈಗೆ ನೀರು ಬಿಟ್ಟು ಕೊಟ್ಟರು. ಕೆಲವು ವರ್ಷಗಳಲ್ಲಿ ಹಳೆಯ ಅರ್ಚಕರು ತೀರಿಕೊಂಡರು. ಹುಡುಗ ಅಲ್ಲಿ ಮಲಗಿ, ಇಲ್ಲಿ ಮಂತ್ರ ಕಲಿತು, ಎರಡು ಮನೆಯಲ್ಲೂ ತಿಂದು ಬೆಳೆದ. ಪಂಕಜಮ್ಮನನ್ನು ಅಮ್ಮ ಎಂದ, ಭಟ್ಟರನ್ನು ಅಪ್ಪ ಎಂದ. ಬಡಾವಣೆಯಲ್ಲಿ ಜನ ಬದಲಾದರು. ಬಂದವರು ಅವನನ್ನು ಭಟ್ಟರ ಎರಡನೆಯ ಮಗ ಎಂದುಕೊಂಡರು, ಅಲ್ಲ ಎಂದು ಯಾರೂ ಹೇಳಲಿಲ್ಲ. ಭಟ್ಟರ ಅಣ್ಣ ತೀರಿಹೋದಾಗ ಶ್ಯಾಮಸುಂದರ ಅವರ ಜೊತೆಗೇ ಸೂತಕ ಹಿಡಿದ. ಆಗ ದೀಕ್ಷೆ ಪಡೆದ ಮುದುಕರೊಬ್ಬರು ಇನ್ನೂ ಇದ್ದರು, ಬಾಗಿಲು ತಪ್ಪಲಿಲ್ಲ. ಆ ದಿನಗಳಲ್ಲಿ ಪಂಕಜಮ್ಮನ ಮನೆಯ ದೇವರಿಗೆ ಅವನು ಪೂಜೆ ಮಾಡಲಿಲ್ಲ. ಪಂಕಜಮ್ಮ ತಾವೇ ದೀಪ ಹಚ್ಚಿ, ಒಂದು ಹೂವಿಟ್ಟು ಸುಮ್ಮನಾದರು.

“ಯಾರು ಕಾಶ್ಯಪ ಅಂತ ಬರೆಸಿದ್ದು?” ಎಂದು ಮೇಡಂ ಕೇಳಿದರು.

ರಾಗಿಣಿ ಯಾರನ್ನೂ ನೋಡದೆ ಹೇಳಿದಳು: “ಮೂವರದ್ದೂ ಒಟ್ಟಿಗೆ ಭಟ್ರು ಹೇಳಿದ್ರು.”

“ಹೇಳಿದೆ,” ಎಂದರು ಭಟ್ಟರು. “ಹೇಳೋವಾಗ ತಪ್ಪು ಅನ್ನಿಸ್ಲಿಲ್ಲ.”

ಮೇಡಂ ಕಿಟಕಿಯ ಆಚೆಗೆ ಬಗ್ಗಿದರು. “ಏನೋ ಶ್ಯಾಮು, ದಿನಾ ಸಂಧ್ಯಾವಂದನೇಲಿ ಯಾವ ಗೋತ್ರ ಹೇಳ್ಕೊಳ್ತೀಯ?”

“ಭಾರದ್ವಾಜ.”

“ಮತ್ತೆ ಯಾಕೋ ಮಧ್ಯಾಹ್ನದಿಂದ ಬಿಸಿಲಲ್ಲಿ ಕೂತಿದೀಯಾ?”

“ಅಪ್ಪ ಕೂತ್ರು. ನಾನೂ ಕೂತೆ.”

“ಬಸ್ಸಲ್ಲಿ ಸೀಟು ಸಿಕ್ಕಿದ ಹಾಗೆ ಹೇಳ್ತಾನಲ್ಲಪ್ಪ! ಒಳಗೆ ದೇವರು ಕಾಯ್ತಾ ಇದಾನೆ, ಇವನಿಗೆ ಪುರುಡಿನಲ್ಲಿ ಪಾಲು ಬೇಕಂತೆ.” ಅವರು ಭಟ್ಟರ ಕಡೆಗೆ ತಿರುಗಿದರು. “ಶಾಸ್ತ್ರ ನೀವೇ ಹೇಳ್ಬೇಕು. ದತ್ತು ಹೋದವನಿಗೆ ಹುಟ್ಟಿದ ಮನೆ ಪುರುಡು ಇದೆಯೋ ಇಲ್ವೋ?”

“ಇಲ್ಲ,” ಎಂದರು ಭಟ್ಟರು. ಬೇಗ ಹೇಳಿದರು; ಕೇಳುತ್ತಾರೆಂದು ಮೊದಲೇ ಗೊತ್ತಿದ್ದವರ ಹಾಗೆ.

“ಹಾಗಾದ್ರೆ ಸುಲಭ,” ಎಂದಳು ರಾಗಿಣಿ. “ಪ್ರೋಗ್ರಾಮ್ ಇಲ್ಲೇ ನಿಂತಿದೆ. ಇಲ್ಲೇ ಶ್ಯಾಮಸುಂದರ ಅವರ ಗೋತ್ರ ಭಾರದ್ವಾಜ ಅಂತ ಬರೆದು ಮುಂದೆ ಬಿಟ್ರೆ, ಅವರ ಹತ್ತಿರ ಬಂದಾಗ ಮೈಲಿಗೆ ಇಲ್ಲ ಅನ್ನತ್ತೆ. ಸುತ್ತೋದು ನಿಲ್ಲತ್ತೆ.”

ಭಟ್ಟರು ಸ್ವಲ್ಪ ಮುಂದಕ್ಕೆ ಬಾಗಿದರು. “ಇಲ್ಲಿ ಬರೆದದ್ದು ಹಾಗೇ ಉಳಿಯತ್ತಾ?”

“ಇಲ್ಲ ಭಟ್ರೇ. ಇದು ಈ ಸಲದ ಓಟಕ್ಕೆ ಮಾತ್ರ. ಪ್ರೋಗ್ರಾಮ್ ಮುಗಿದ ಮೇಲೆ ಮರೆತುಹೋಗತ್ತೆ. ನಾಳೆ ಮತ್ತೆ ಕಾಶ್ಯಪ ಅಂತಾನೇ ಓದತ್ತೆ. ಶಾಶ್ವತವಾಗಿ ಇರಬೇಕು ಅಂದ್ರೆ ಫೈಲಲ್ಲಿ ಬದಲಾಯಿಸಬೇಕು.”

ಭಟ್ಟರ ಮುಖದಲ್ಲಿ, ಬಿಸಿಲಿನಲ್ಲಿ ಕೂತವರಿಗೆ ಎಲ್ಲಿಂದಲೋ ಗಾಳಿ ಬಂದ ಹಾಗೆ ಏನೋ ಸುಳಿಯಿತು.

“ಈ ಸಲಕ್ಕೆ ಮಾತ್ರ ಸಾಕಲ್ವಾ?” ಎಂದ ಶ್ಯಾಮಸುಂದರ. “ದಿನಾ ಬಂದು ಬರೀಬಹುದಲ್ವಾ, ಹತ್ತು ದಿನ?”

“ಬರೀಬಹುದು,” ಎಂದಳು ರಾಗಿಣಿ.

ಪಂಕಜಮ್ಮ ಡಬ್ಬಿಯ ಮುಚ್ಚಳ ಸರಿಯಾಗಿ ಕೂತಿದೆಯೇ ಎಂದು ಒತ್ತಿ ನೋಡಿದರು. ಅದು ಸರಿಯಾಗಿಯೇ ಕೂತಿತ್ತು. ಮತ್ತೊಮ್ಮೆ ಒತ್ತಿದರು.

ಭಟ್ಟರು ಆ ಕೈಯನ್ನು ನೋಡಿದರು. ಆ ಕೈಯಲ್ಲೇ ಅವರು ಮಗುವನ್ನು ಇಟ್ಟಿದ್ದರು. ಇನ್ನು ಇವನು ನನ್ನವನಲ್ಲ ಎನ್ನುವ ಮಾತನ್ನು ಆ ದಿನ ಸಂಸ್ಕೃತದಲ್ಲಿ ಹೇಳಿದ್ದರು. ಸಂಸ್ಕೃತದಲ್ಲಿ ಹೇಳುವುದು ಕಷ್ಟವಾಗಿರಲಿಲ್ಲ.

“ಫೈಲಲ್ಲೇ ಬರಿಯಮ್ಮ,” ಎಂದರು. “ಕೊಟ್ಟಿದ್ದು ನಾನು. ದಿನಾ ಸಂಜೆ ಕೊಟ್ಟು, ದಿನಾ ರಾತ್ರಿ ವಾಪಸ್ ತಗೊಳ್ಳೋದು ಚೆನ್ನಾಗಿರಲ್ಲ.”

“ಅಪ್ಪಾ—”

“ಊಟ ಆಮೇಲೆ ಮಾಡು. ಮೊದಲು ಹೋಗಿ ತಲೆ ಮೇಲೆ ನೀರು ಹಾಕ್ಕೊಂಡು ಮಡಿ ಉಟ್ಕೊಂಡು ಬಾ. ಬರೋವಾಗ ಆ ಕಡೆಯಿಂದ ಬಾ, ಈ ಕಡೆ ನಾನು ಕೂತಿದೀನಿ. ನನ್ನ ಮುಟ್ಟಿದ್ರೆ ಮತ್ತೆ ಸ್ನಾನ ಮಾಡಬೇಕಾಗತ್ತೆ.”

ಶ್ಯಾಮಸುಂದರ ಎದ್ದ. ಹೋಗಲಾರದೆ ಒಂದಿಷ್ಟು ಹೊತ್ತು ನಿಂತ. ಪಂಕಜಮ್ಮ, “ಬಾರೋ, ಹಂಡೇಲಿ ನೀರು ಬಿಸಿ ಇದೆ,” ಎಂದು ಮುಂದೆ ನಡೆದರು. ಅವನು ಹಿಂದೆ ಹೋದ.

ರಾಗಿಣಿ ಫೈಲು ತೆರೆದು ಒಂದು ಪದ ಅಳಿಸಿ ಇನ್ನೊಂದು ಬರೆದಳು. ಪ್ರೋಗ್ರಾಮನ್ನು ಹೊಸದಾಗಿ ಓಡಿಸಿದಳು. ಈ ಸಲ ಅದನ್ನು ನಿಲ್ಲಿಸುವ ಅಗತ್ಯವೇ ಬೀಳಲಿಲ್ಲ. ಹೊರಗಿನ ಹಲಗೆಯಲ್ಲಿ ‘ಸಂಜೆಯ ಅರ್ಚಕರು: ಶ್ಯಾಮಸುಂದರ’ ಎಂದು ಕೆಂಪಕ್ಷರ ಹರಿಯಿತು. ಮೂವರ ಫೋನಿಗೂ ಸಂದೇಶ ಹೋಯಿತು. ತಕ್ಷಣ ಅಭಿನವ್ ಅಪ್ಪನಿಗೆ ಫೋನ್ ಮಾಡಿದ. ಅವನ ದನಿ ಕಿಟಕಿಯ ಒಳಗೂ ಕೇಳಿಸುತ್ತಿತ್ತು.

“ಅಪ್ಪ, ಶ್ಯಾಮು ಹೆಸರು ಬಂದಿದೆ! ಅವನು ಹೇಗೆ ತೆಗೀತಾನೆ?”

“ಅವನಿಗೆ ಪುರುಡಿಲ್ಲ.”

“ಯಾಕಿಲ್ಲ? ಮಗುಗೆ ಚಿಕ್ಕಪ್ಪ ಆಗಲ್ವಾ?”

“ಆಗ್ತಾನೆ. ಪುರುಡಿಲ್ಲ. ಮಗು ಹಾಲು ಕುಡೀತಾ?”

ಐದಕ್ಕೆ ಬಾಗಿಲು ತೆರೆಯಿತು. ಗಂಟೆ ಬಾರಿಸಿತು. ಯಲ್ಲಪ್ಪ ಹೆಲ್ಮೆಟ್ ತೆಗೆದು ರಸ್ತೆಯಿಂದಲೇ ಕೈ ಮುಗಿದು, ಯಾರದೋ ದೋಸೆ ಹೊತ್ತುಕೊಂಡು ಹೋದ. ವೆಂಕಟಗಿರಿ ಭಟ್ಟರು ಫುಟ್‌ಪಾತಿನಲ್ಲಿ ಎದ್ದು ನಿಂತು ಕಣ್ಣು ಮುಚ್ಚಿದರು. ಶ್ಯಾಮಸುಂದರನ ದನಿ ಮೊದಲು ತಗ್ಗಿದ್ದು, ಆಮೇಲೆ ದಾರಿ ಹಿಡಿಯಿತು. ಸಂಕಲ್ಪದಲ್ಲಿ ಅವನು ಗೋತ್ರ ಹೇಳಿದ್ದೂ ಕೇಳಿಸಿತು. ಭಟ್ಟರು ತಲೆಯಾಡಿಸಿದರು. ಉಚ್ಚಾರ ಚೆನ್ನಾಗಿತ್ತು.

ಮತ್ತೆ ಕೂತ ಮೇಲೆ ಅವರು ಕಿಟಕಿಯ ಸರಳಿನ ಹತ್ತಿರ ಮುಖ ತಂದರು.

“ರಾಗಿಣಿ, ನಾಳೆ ನಾನು ಹೋದೆ ಅಂದ್ಕೋ. ಆಗಲೂ ಇದೇ ಪ್ರೋಗ್ರಾಮ್ ಓಡೋದಲ್ವಾ?”

“ಬಿಡ್ತು ಅನ್ನಿ ಭಟ್ರೇ.”

“ಬಿಡ್ತು. ಓಡತ್ತಾ ಇಲ್ವಾ?”

“ಓಡತ್ತೆ.”

“ಶ್ಯಾಮುಗೆ ಏನು ಅನ್ನತ್ತೆ?”

ರಾಗಿಣಿ ಬರೆದ ಸಾಲನ್ನು ನೋಡಿ ಹೇಳಿದಳು. “ಮೈಲಿಗೆ ಇಲ್ಲ ಅನ್ನತ್ತೆ. ಗೋತ್ರ ಬೇರೆ ಆಯ್ತಲ್ಲ. ಅವರು ಎಂದಿನ ಹಾಗೆ ಬಂದು ಬಾಗಿಲು ತೆಗೀತಾರೆ.”

“ಅದು ತಪ್ಪು,” ಎಂದರು ಭಟ್ಟರು. ದನಿಯಲ್ಲಿ ದುಃಖವಿರಲಿಲ್ಲ, ಪಾಠ ಹೇಳುವವರ ನಿಧಾನವಿತ್ತು. “ದತ್ತು ಕೊಟ್ಟ ಮಗನಿಗೆ ಹುಟ್ಟಿದ ಮನೇಲಿ ಬೇರೆ ಯಾರು ಹುಟ್ಟಿದ್ರೂ ಇಲ್ಲ, ಹೋದ್ರೂ ಇಲ್ಲ. ಆದರೆ ಹೆತ್ತ ತಂದೆ ಹೋದ್ರೆ ಮೂರು ದಿನ ಇದೆ. ಶಾಸ್ತ್ರದಲ್ಲೇ ಇದೆ. ಅದನ್ನ ಬರ್ಕೊಳ್ಳಮ್ಮ.”

ಅವಳು ಬರೆದಳು. ಬರೆದದ್ದು ಸರಿಯಿದೆಯೇ ಎಂದು ನೋಡಬೇಕಲ್ಲ.

“ಪರೀಕ್ಷೆಗೆ ನಿಮ್ಮ ಹೆಸರಲ್ಲಿ…” ಎಂದು ಮಾತು ನಿಲ್ಲಿಸಿದಳು.

“ಹಾಕಮ್ಮ. ನಿನ್ನ ಡೀಬಗರಲ್ಲಿ ತಾನೇ? ಏನಾಗಲ್ಲ.”

ಅವಳು ಡೀಬಗರ್ ತೆರೆದು, ಪ್ರೋಗ್ರಾಮನ್ನು ಸರಿಯಾದ ಸಾಲಿನಲ್ಲಿ ನಿಲ್ಲಿಸಿ, ‘ವೆಂಕಟಗಿರಿ, ಮರಣ, ಇಂದು’ ಎಂದು ಬರೆದಳು. ನೀಲಾಂಬಿಕಾ ಮೇಡಂ ತಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸತೊಡಗಿದರು. ರಾಗಿಣಿ ‘ಎನ್’ ಒತ್ತಿದಳು.

“ಅಭಿನವ್. ಮೈಲಿಗೆ ಇದೆಯಾ? ಇದೆ.”

“ನಾನು?”

“ನೀವು ಪಟ್ಟೀಲಿ ಬರಲ್ಲ ಭಟ್ರೇ.”

“ಹೌದು, ಹೇಗೆ ಬರ್ತೀನಿ. ಮುಂದೆ ನಡಿ.”

“ಶ್ಯಾಮಸುಂದರ. ಮೈಲಿಗೆ ಇದೆಯಾ?” ಅವಳು ಎಂಟರ್ ಒತ್ತಿದಳು. “ಇದೆ.”

“ಎಷ್ಟು ದಿನ ಅಂತ ಕೇಳು.”

“ಮೂರು.”

“ಹೂಂ,” ಎಂದರು ಭಟ್ಟರು.

ರಾಗಿಣಿ ಮತ್ತೆ ಒತ್ತಿದಳು. ಅಭಿನವ್ ಬಂದ, ಶ್ಯಾಮಸುಂದರ ಬಂದ, ಅಭಿನವ್ ಬಂದ.

“ಮತ್ತೆ ಸುತ್ತೋಕೆ ಶುರು ಮಾಡ್ತಲ್ರೀ!” ಎಂದರು ಮೇಡಂ. “ಆ ಮೂರು ದಿನ ಬಾಗಿಲು ಯಾರು ತೆಗೀಬೇಕು?”

“ಅಷ್ಟರಲ್ಲಿ ನೀವು ಇನ್ನೊಬ್ಬರಿಗೆ ದೀಕ್ಷೆ ಕೊಡಿಸಿ ಮೇಡಂ. ನಾನೇ ಕೂತು ಮಂತ್ರ ಹೇಳಿಕೊಡ್ತೀನಿ, ಬೇಕಾದ್ರೆ ನಾಳೆಯಿಂದಲೇ. ಬಾಗಿಲು ತಪ್ಪಬಾರದು. ಆದರೆ ಆ ಮೂರು ದಿನ ಇವನನ್ನ ಕರೀಬೇಡಿ.”

“ಕರಿಯಲ್ಲ,” ಎಂದರು ಮೇಡಂ.

ಭಟ್ಟರು ಸರಳು ಹಿಡಿದುಕೊಂಡು, ಪರದೆಯ ಮೇಲೆ ಶ್ಯಾಮಸುಂದರನ ಸಾಲು ಇನ್ನೊಂದು ಸಲ ಬಂದು, ಇದೆ ಎನ್ನುವುದನ್ನು ನೋಡಿದರು. ಇನ್ನೂ ಒಂದು ಸಲ ನೋಡಿದರು.

“ಸಾಕಮ್ಮ,” ಎಂದರು.

ರಾಗಿಣಿ ‘ಕ್ಯೂ’ ಒತ್ತಿ ಡೀಬಗರಿನಿಂದ ಹೊರಗೆ ಬಂದಳು. ಭಟ್ಟರು ಮತ್ತೆ ಬದುಕಿ, ಒಂದು ಆಟೊ ಕೈ ಮಾಡಿ ನಿಲ್ಲಿಸಿ, ಮೊಮ್ಮಗಳನ್ನು ನೋಡಲು ಮಹಾಲಕ್ಷ್ಮಿ ಲೇಔಟಿಗೆ ಹೊರಟರು.